ಬೇಕು, ಬಹುದು, ಬಾರದು: ಇಂಗ್ಲಿಷಿನ ಮಸ್ಟ್, ಕ್ಯಾನ್, ಶುಡ್, ಮೈಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನಲ್ಲಿ ನಾನು ನಡೆಸುವ ಸಂಜೆ ಕ್ಲಾಸಿಗೆ ಬಗೆಬಗೆಯ ಜನ ಬರುತ್ತಾರೆ. ಹೋಂಸ್ಟೇಯಲ್ಲಿ ಅಡುಗೆ ಮಾಡುವವರು, ಮುಳ್ಳಯ್ಯನಗಿರಿಗೆ ಜೀಪ್ ಓಡಿಸುವವರು, ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್‌ಗಳು, ಪಿಯುಸಿ ಮಕ್ಕಳು, ಹೊರದೇಶಕ್ಕೆ ಹೋಗಲು ಓದುತ್ತಿರುವ ನರ್ಸ್‌ಗಳು. ಟೆನ್ಸ್ ಬಗ್ಗೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಮಸ್ಟ್, ಶುಡ್ ಬಂದ ಕೂಡಲೇ ಪ್ರಶ್ನೆ ಶುರು. ಜಾಸ್ತಿ ಸಲ ಬಂದ ಪ್ರಶ್ನೆಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಮೋಡಲ್ ವರ್ಬ್ ಅಂದರೆ ಏನು? ಕನ್ನಡದಲ್ಲಿ ಅಂಥದ್ದು ಇದೆಯಾ?

ಇದೆ, ದಿನಾ ಬಳಸುತ್ತೀರಿ. ಹೋಗಬೇಕು, ಹೋಗಬಹುದು, ಹೋಗಬಾರದು. ಇದರಲ್ಲಿ "ಹೋಗು" ಅನ್ನುವುದು ಕೆಲಸ. ಹಿಂದೆ ಅಂಟಿಕೊಂಡ ಬೇಕು, ಬಹುದು, ಬಾರದು ಆ ಕೆಲಸದ ಬಗ್ಗೆ ನಮ್ಮ ಮನಸ್ಸಿನಲ್ಲಿ ಏನಿದೆ ಅಂತ ಹೇಳುತ್ತವೆ. ಕಡ್ಡಾಯವೋ, ಆಗುವಂಥದ್ದೋ, ಸಲಹೆಯೋ, ಬರೀ ಊಹೆಯೋ. ಇಂಗ್ಲಿಷಿನಲ್ಲಿ ಇದೇ ಕೆಲಸವನ್ನು ಮಸ್ಟ್, ಕ್ಯಾನ್, ಕುಡ್, ಶುಡ್, ಮೇ, ಮೈಟ್ ಮಾಡುತ್ತವೆ. ನಮ್ಮದು ಹಿಂದೆ ಬರುತ್ತದೆ, ಅವರದು ಮುಂದೆ.

"ಹಿ ಕ್ಯಾನ್ಸ್" ಯಾಕೆ ತಪ್ಪು? ಹಿ ಬಂದರೆ ಎಸ್ ಸೇರಿಸಬೇಕು ಅಂತ ಮೇಷ್ಟ್ರು ಹೇಳಿದ್ದರಲ್ಲ?

ಮೇಷ್ಟ್ರು ಹೇಳಿದ್ದು ಸರಿ, ಆದರೆ ಇವಕ್ಕೆ ಆ ನಿಯಮ ಇಲ್ಲ. ಕನ್ನಡದಲ್ಲೇ ನೋಡಿ. ನಾನು ಹೋಗುತ್ತೇನೆ, ಅವನು ಹೋಗುತ್ತಾನೆ, ಅವಳು ಹೋಗುತ್ತಾಳೆ. ಆಳು ಬದಲಾದಂತೆ ಬಾಲ ಬದಲಾಗುತ್ತದೆ. ಈಗ ಬೇಕು ಸೇರಿಸಿ. ನಾನು ಹೋಗಬೇಕು, ಅವನು ಹೋಗಬೇಕು, ಅವಳು ಹೋಗಬೇಕು. ಬಾಲ ಅಲ್ಲಾಡುವುದೇ ಇಲ್ಲ! ಬಹುದು, ಬಾರದು ಕೂಡ ಹಾಗೆಯೇ. ಮಸ್ಟ್ ಮತ್ತು ಕ್ಯಾನ್ ಇದೇ ಜಾತಿಯವು ಅಂದುಕೊಳ್ಳಿ.

ಇನ್ನೊಂದು ತಪ್ಪು ಇದಕ್ಕಿಂತ ಜಾಸ್ತಿ ಕೇಳಿಸುತ್ತದೆ: "ಐ ಮಸ್ಟ್ ಟು ಗೋ". ಹೋಗ ಮತ್ತು ಬೇಕು ನಡುವೆ ನಾವು ಏನನ್ನೂ ತುರುಕುವುದಿಲ್ಲ. ಅದೇ ರೀತಿ "ಐ ಮಸ್ಟ್ ಗೋ", ಅಷ್ಟೇ. ಟು ಬರುವುದು "ಹ್ಯಾವ್ ಟು", "ಏಬಲ್ ಟು" ಥರದ ಉದ್ದನೆಯವುಗಳ ಜೊತೆ. "ಐ ಕ್ಯಾನ್ ಏಬಲ್ ಟು" ಅಂತೂ ಒಂದೇ ಕಾಲಿಗೆ ಎರಡು ಚಪ್ಪಲಿ ಹಾಕಿದ ಹಾಗೆ.

ಬೇಕು ಅಂದರೆ ಮಸ್ಟ್ ತಾನೇ?

ಇದೇ ನೋಡಿ ಎಲ್ಲ ಗೊಂದಲದ ಬೇರು. ನಮ್ಮ ಬೇಕು ಒಬ್ಬನೇ ಆಳು, ಹತ್ತು ಕೆಲಸ ಮಾಡುತ್ತಾನೆ. ಇಂಗ್ಲಿಷಿನವರು ಒಂದೊಂದು ಕೆಲಸಕ್ಕೆ ಬೇರೆ ಬೇರೆ ಆಳು ಇಟ್ಟಿದ್ದಾರೆ.

ಹೋಂಸ್ಟೇಯ ಒಂದು ಬೆಳಿಗ್ಗೆ ತೆಗೆದುಕೊಳ್ಳಿ. "ಗೆಸ್ಟ್‌ಗೆ ಬಿಸಿನೀರು ಬೇಕು" ಅಂದಾಗ ಅದು ಆಸೆ, ಅಲ್ಲಿ ಬರುವುದು ವಾಂಟ್. "ಬೆಂಕಿ ಹತ್ತಿರ ಮಕ್ಕಳನ್ನು ನೋಡಿಕೊಳ್ಳಲೇಬೇಕು" ಅಂತ ನೀವೇ ಒತ್ತಿ ಹೇಳಿದರೆ ಮಸ್ಟ್. "ಐಡಿ ಕಾರ್ಡ್ ತೋರಿಸಬೇಕಾಗುತ್ತೆ ಸಾರ್, ರೂಲ್ಸು" ಅನ್ನುವಾಗ ಒತ್ತಾಯ ನಿಮ್ಮದಲ್ಲ, ಹೊರಗಿನದು. ಅಲ್ಲಿ ಹ್ಯಾವ್ ಟು ಚೆನ್ನಾಗಿ ಹೊಂದುತ್ತದೆ: "ಯೂ ಹ್ಯಾವ್ ಟು ಶೋ ಯುವರ್ ಐಡಿ". "ಚಿಕ್ಕಮಗಳೂರಿಗೆ ಬಂದವರು ಒಮ್ಮೆ ಬೇಲೂರು ನೋಡಬೇಕು" ಅನ್ನುವುದು ಸಲಹೆ, ಅದಕ್ಕೆ ಶುಡ್. "ಜೀಪ್ ಆರಕ್ಕೇ ಬರಬೇಕಿತ್ತು, ಇನ್ನೂ ಬಂದಿಲ್ಲ" ಅನ್ನುವಾಗ "ದ ಜೀಪ್ ವಾಸ್ ಸಪೋಸ್ಡ್ ಟು ಕಮ್ ಅಟ್ ಸಿಕ್ಸ್". ಕೊನೆಗೆ "ಡ್ರೈವರ್ ಇನ್ನೂ ಮಲಗಿರಬೇಕು" ಅನ್ನುವುದು ಊಹೆ. ಅಲ್ಲಿ ಮತ್ತೆ ಮಸ್ಟ್.

ಹಾಗಾಗಿ ಬೇಕು ಕಂಡ ತಕ್ಷಣ ಮಸ್ಟ್ ಹಾಕಬೇಡಿ. ಇದು ಯಾವ ಬೇಕು ಅಂತ ಒಂದು ಸಲ ಕೇಳಿಕೊಳ್ಳಿ. ನನ್ನ ಇಡೀ ಕ್ಲಾಸು ಈ ಒಂದು ಪ್ರಶ್ನೆಯ ಮೇಲೇ ನಡೆಯುತ್ತದೆ ಅಂದರೂ ತಪ್ಪಿಲ್ಲ.

ಒಂದು ಸುಲಭದ ಗುರುತು ಹೇಳುತ್ತೇನೆ. ಬಾಯಲ್ಲಿ "ಬೇಕಾಗಿದೆ, ಬೇಕಾಗುತ್ತೆ" ಅಂತ ಉದ್ದವಾಗಿ ಬಂದರೆ ಬಹುತೇಕ ಹ್ಯಾವ್ ಟು ನಡೆಯುತ್ತದೆ. ಮಾತಿನಲ್ಲಿ ಮಸ್ಟ್‌ಗಿಂತ ಹ್ಯಾವ್ ಟು ಹೇಳುವುದೇ ಸೇಫ್. ಗೆಸ್ಟ್‌ಗೆ "ಯೂ ಮಸ್ಟ್" ಅಂದರೆ ಹೆಡ್ ಮಾಸ್ಟರ್ ಗದರಿಸಿದ ಹಾಗೆ ಕೇಳುತ್ತದೆ.

ಮಸ್ಟ್ ನಾಟ್ ಮತ್ತು ಡೋಂಟ್ ಹ್ಯಾವ್ ಟು ಎರಡೂ ಒಂದೇ ಅಲ್ವಾ?

ಅಲ್ಲವೇ ಅಲ್ಲ. ಒಂದು "ಕೂಡದು", ಇನ್ನೊಂದು "ಬೇಕಾಗಿಲ್ಲ".

ನಮ್ಮ ಕ್ಲಾಸಿಗೆ ಬರುತ್ತಿದ್ದ ಹುಡುಗನೊಬ್ಬ ಹೋಂಸ್ಟೇ ಗೆಸ್ಟ್‌ಗಳಿಗೆ "ಯೂ ಮಸ್ಟ್ ನಾಟ್ ಪೇ ಫಾರ್ ಬ್ರೇಕ್‌ಫಾಸ್ಟ್" ಅಂದಿದ್ದ. ತಿಂಡಿಗೆ ಬೇರೆ ದುಡ್ಡು ಕೊಡಬೇಕಾಗಿಲ್ಲ, ರೂಮಿನ ರೇಟಿನಲ್ಲೇ ಸೇರಿದೆ ಅಂತ ಹೇಳಲು ಹೋಗಿದ್ದು. ಅವರಿಗೆ ಕೇಳಿಸಿದ್ದು "ತಿಂಡಿಗೆ ದುಡ್ಡು ಕೊಟ್ಟೀರಿ, ಹುಷಾರ್" ಅಂತ. ಅವರು ನಕ್ಕು ಸುಮ್ಮನಾದರು. ಆದರೆ ಅದೇ ತಪ್ಪು ಆಸ್ಪತ್ರೆಯಲ್ಲಾದರೆ ನಗುವ ವಿಷಯವಲ್ಲ. "ಈ ಮಾತ್ರೆ ಊಟಕ್ಕೆ ಮುಂಚೆ ತಗೊಳ್ಳಬೇಕಾಗಿಲ್ಲ" ಮತ್ತು "ತಗೊಳ್ಳಕೂಡದು" ಬೇರೆ ಬೇರೆ ಅಲ್ವಾ? ಮೊದಲನೆಯದು "ಯೂ ಡೋಂಟ್ ಹ್ಯಾವ್ ಟು ಟೇಕ್ ಇಟ್". ಎರಡನೆಯದು "ಯೂ ಮಸ್ಟ್ ನಾಟ್ ಟೇಕ್ ಇಟ್".

ಕನ್ನಡದಲ್ಲಿ ಈ ಎರಡನ್ನು ನಾವು ಯಾವತ್ತೂ ಅದಲು ಬದಲು ಮಾಡುವುದಿಲ್ಲ. ತಲೆಯಲ್ಲಿ ಕನ್ನಡ ವಾಕ್ಯ ಪೂರ್ತಿ ಬರಲಿ. ಅರ್ಧಕ್ಕೇ ಇಂಗ್ಲಿಷಿಗೆ ಹಾರುವುದರಿಂದಲೇ ಎಡವಟ್ಟು.

ಮಸ್ಟ್‌ಗೆ ಪಾಸ್ಟ್ ಟೆನ್ಸ್ ಏನು?

ಕಡ್ಡಾಯದ ಅರ್ಥದಲ್ಲಿ ಅದಕ್ಕೆ ಪಾಸ್ಟ್ ಇಲ್ಲ, ಹ್ಯಾಡ್ ಟು ಬಳಸಬೇಕು. ಕಾರಣವೂ ಮಜವಾಗಿದೆ. ಹಳೆಯ ಇಂಗ್ಲಿಷಿನಲ್ಲಿ ಮಸ್ಟ್ ಅನ್ನುವುದೇ ಒಂದು ಪಾಸ್ಟ್ ರೂಪವಾಗಿತ್ತು. ಮೂಲ ರೂಪ ಬಿದ್ದುಹೋಯಿತು, ಇದು ಬಂದು ಅದರ ಜಾಗದಲ್ಲಿ ಕೂತಿತು. ತಾನೇ ಪಾಸ್ಟ್ ಆಗಿದ್ದಕ್ಕೆ ಇನ್ನೊಂದು ಪಾಸ್ಟ್ ಎಲ್ಲಿಂದ ತರುವುದು?

ಮುಖ್ಯವಾದ ಮಾತು ಬೇರೆಯೇ ಇದೆ. ಈ ಮೂರು ಕನ್ನಡ ವಾಕ್ಯಗಳನ್ನು ಜೋರಾಗಿ ಹೇಳಿ.

ಅವನು ಆಸ್ಪತ್ರೆಗೆ ಹೋಗಬೇಕಾಯಿತು.
ಅವನು ಆಸ್ಪತ್ರೆಗೆ ಹೋಗಬೇಕಿತ್ತು.
ಅವನು ಆಸ್ಪತ್ರೆಗೆ ಹೋಗಿರಬೇಕು.

ಮೊದಲನೆಯದರಲ್ಲಿ ಅವನು ಹೋದ, ಬೇರೆ ದಾರಿ ಇರಲಿಲ್ಲ: "ಹಿ ಹ್ಯಾಡ್ ಟು ಗೋ". ಎರಡನೆಯದರಲ್ಲಿ ಹೋಗಲಿಲ್ಲ, ಹೋಗಿದ್ದರೆ ಚೆನ್ನಾಗಿತ್ತು ಅನ್ನುವ ಕೊರಗು ಇದೆ: "ಹಿ ಶುಡ್ ಹ್ಯಾವ್ ಗಾನ್". ಮೂರನೆಯದರಲ್ಲಿ ಹೋದನೋ ಇಲ್ಲವೋ ನಮಗೆ ಗೊತ್ತಿಲ್ಲ, ಊಹೆ ಮಾಡುತ್ತಿದ್ದೇವೆ: "ಹಿ ಮಸ್ಟ್ ಹ್ಯಾವ್ ಗಾನ್". ಅಕ್ಷರದಲ್ಲಿ ಸಣ್ಣ ವ್ಯತ್ಯಾಸ, ಅರ್ಥದಲ್ಲಿ ಕಡೂರಿಗೂ ಕೊಪ್ಪಕ್ಕೂ ಇರುವಷ್ಟು ದೂರ. ಇಷ್ಟು ಸೂಕ್ಷ್ಮವನ್ನು ಕನ್ನಡದಲ್ಲಿ ನಾವು ಚಿಕ್ಕವರಿದ್ದಾಗಲೇ ಕಲಿತಿದ್ದೇವೆ. ಹಾಗಿರುವಾಗ ಇಂಗ್ಲಿಷಿನ ಮೂರು ರೂಪಕ್ಕೆ ಹೆದರುವುದು ಯಾಕೆ?

"ನೀಡಂಟ್ ಹ್ಯಾವ್" ಮತ್ತು "ಡಿಡಂಟ್ ನೀಡ್ ಟು" ನಡುವೆ ಏನು ವ್ಯತ್ಯಾಸ?

"ಇಷ್ಟು ಅನ್ನ ಮಾಡಬೇಕಿರಲಿಲ್ಲ." ಮಾಡಿಬಿಟ್ಟಿದ್ದೀರಿ, ವೇಸ್ಟ್ ಆಯಿತು ಅಂದರೆ "ಯೂ ನೀಡಂಟ್ ಹ್ಯಾವ್ ಕುಕ್ಡ್ ಸೋ ಮಚ್". ಡಿಡಂಟ್ ನೀಡ್ ಟು ಅಂದರೆ ಅಗತ್ಯ ಇರಲಿಲ್ಲ ಅಷ್ಟೇ, ಮಾಡಿದಿರೋ ಬಿಟ್ಟಿರೋ ಅದು ಹೇಳುವುದಿಲ್ಲ. ಪರೀಕ್ಷೆಗೆ ಓದುವವರು ನೆನಪಿಟ್ಟುಕೊಳ್ಳಿ. ಉಳಿದವರು ಡಿಡಂಟ್ ನೀಡ್ ಟು ಒಂದರಲ್ಲೇ ಸಂಸಾರ ಸಾಗಿಸಬಹುದು.

"ನನಗೆ ಈಜಲು ಬರುತ್ತೆ" ಅನ್ನುವುದನ್ನು ಹೇಗೆ ಹೇಳುವುದು?

"ಐ ಕ್ಯಾನ್ ಸ್ವಿಮ್". "ಸ್ವಿಮ್ಮಿಂಗ್ ಇಸ್ ಕಮಿಂಗ್ ಟು ಮಿ" ಅಂದರೆ ಈಜು ನಡೆದುಕೊಂಡು ನಿಮ್ಮ ಹತ್ತಿರ ಬರುತ್ತಿದೆ ಅಂತ ಆಗುತ್ತದೆ. ಕನ್ನಡದಲ್ಲಿ ಶಕ್ತಿ ಹೇಳಲು ಬರುತ್ತೆ, ಆಗುತ್ತೆ, ಬಲ್ಲೆ ಅಂತ ಮೂರು ದಾರಿ ಇವೆ. ಇಲ್ಲಿ ಮಾತ್ರ ನಮ್ಮದು ಮೂರು, ಅವರದು ಒಂದು. ನಿಮಗೇ ಲಾಭ.

ಬಲ್ಲೆ ಅನ್ನುವ ಪದವನ್ನು ಒಂದು ಕ್ಷಣ ಗಮನಿಸಿ. "ಬಲ್ಲವನೇ ಬಲ್ಲ ಬೆಲ್ಲದ ಸವಿಯ" ಅನ್ನುವಾಗ ಬಲ್ಲ ಅಂದರೆ ತಿಳಿದಿರುವವನು. "ಹಾಡಬಲ್ಲ" ಅನ್ನುವಾಗ ಸಾಮರ್ಥ್ಯ. ಇಂಗ್ಲಿಷಿನ ಕ್ಯಾನ್ ಕೂಡ ಹಿಂದೆ "ತಿಳಿ" ಅನ್ನುವ ಅರ್ಥದ ಪದವೇ ಆಗಿತ್ತು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷೆ ಒಂದೇ ದಾರಿ ಹಿಡಿದಿವೆ. ಇದು ಪರೀಕ್ಷೆಗೆ ಬರುವುದಿಲ್ಲ, ನನಗೆ ಇಷ್ಟ ಅಂತ ಹೇಳಿದೆ.

ಕ್ಯಾನ್‌ನ ಪಾಸ್ಟ್ ಕುಡ್. ಹಾಗಾದರೆ "ನಿನ್ನೆ ಬಸ್ ಹಿಡಿಯಲು ಆಯಿತು" ಅನ್ನಲು "ಐ ಕುಡ್ ಕ್ಯಾಚ್ ದ ಬಸ್" ಸರಿಯಾ?

ಸರಿಯಲ್ಲ. ಕುಡ್ ಹಿಂದೆ ಇದ್ದ ಶಕ್ತಿಗೆ: "ಚಿಕ್ಕವನಿದ್ದಾಗ ಅಡಿಕೆ ಮರ ಹತ್ತುತ್ತಿದ್ದೆ, ಐ ಕುಡ್ ಕ್ಲೈಂಬ್". ಒಂದು ಸಲ, ಒಂದು ದಿನ, ಕಷ್ಟಪಟ್ಟು ಸಾಧಿಸಿದ್ದಕ್ಕೆ "ಐ ವಾಸ್ ಏಬಲ್ ಟು ಕ್ಯಾಚ್ ದ ಬಸ್" ಅಥವಾ "ಐ ಮ್ಯಾನೇಜ್ಡ್ ಟು" ಅನ್ನಬೇಕು. ಬಸ್ ತಪ್ಪಿಹೋಗಿದ್ದರೆ "ಐ ಕುಡಂಟ್ ಕ್ಯಾಚ್ ಇಟ್" ಆರಾಮಾಗಿ ನಡೆಯುತ್ತದೆ.

ಸಲಹೆ ಕೊಡುವಾಗ ಶುಡ್ ಬಳಸಿದರೆ ದೊಡ್ಡವರಿಗೆ ಒರಟಾಗಿ ಕೇಳುತ್ತಾ?

ಸ್ನೇಹಿತರಿಗೆ ಶುಡ್ ಏನೂ ತೊಂದರೆ ಇಲ್ಲ. ಮಳೆಗಾಲದಲ್ಲಿ ತೋಟ ಸುತ್ತಲು ಹೊರಟವರಿಗೆ "ಇಂಬಳ (ಜಿಗಣೆ) ಜಾಸ್ತಿ, ಯೂ ಶುಡ್ ವೇರ್ ಲಾಂಗ್ ಸಾಕ್ಸ್" ಅನ್ನಬಹುದು. ವಯಸ್ಸಾದವರಿಗೆ, ಮೇಲಿನ ಅಧಿಕಾರಿಗೆ ಸ್ವಲ್ಪ ಮೆತ್ತಗೆ ಹೇಳಬೇಕು. ಕನ್ನಡದಲ್ಲಿ ನಾವು "ಒಂದು ಸ್ವೆಟರ್ ಇಟ್ಟುಕೊಂಡರೆ ಒಳ್ಳೆಯದು ಸಾರ್" ಅನ್ನುತ್ತೇವೆ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ, ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಶಿಖರ ಇಲ್ಲ. ಮೇಲೆ ಗಾಳಿ ಬೀಸಿದರೆ ಹಲ್ಲು ಕಟಕಟ. ಆದರೂ ಹೇಳುವ ರೀತಿ ಅಷ್ಟು ನಯ! ಅದಕ್ಕೆ ಸರಿಹೊಂದುವುದು "ಯೂ ಮೈಟ್ ವಾಂಟ್ ಟು ಕ್ಯಾರಿ ಅ ಸ್ವೆಟರ್, ಸರ್".

ಇಲ್ಲೊಂದು ಗುಂಡಿ ಇದೆ, ನಾನೂ ಬಿದ್ದಿದ್ದೇನೆ. "ಒಳ್ಳೆಯದು" ಅನ್ನುವುದಕ್ಕೆ ಬೆಟರ್ ಅಂದುಕೊಂಡು "ಹ್ಯಾಡ್ ಬೆಟರ್" ಬಳಸುವುದು. ಮೊದಲ ಕೆಲಸದಲ್ಲಿ ನನ್ನ ಮ್ಯಾನೇಜರ್‌ಗೆ "ಯೂ ಹ್ಯಾಡ್ ಬೆಟರ್ ಸೈನ್ ಇಟ್ ಟುಡೇ" ಅಂತ ಮೇಲ್ ಕಳಿಸಿದ್ದೆ. ಇವತ್ತೇ ಸೈನ್ ಮಾಡಿದರೆ ಒಳ್ಳೆಯದು ಸಾರ್ ಅನ್ನುವ ವಿನಯ ನನ್ನ ಮನಸ್ಸಿನಲ್ಲಿ. ಅವರು ಓದಿದ್ದು "ಇವತ್ತು ಸೈನ್ ಮಾಡ್ತೀಯೋ ಇಲ್ವೋ, ಆಮೇಲೆ ನೋಡ್ಕೋ" ಅಂತ. ಹ್ಯಾಡ್ ಬೆಟರ್ ಒಳಗೆ "ಇಲ್ಲದಿದ್ದರೆ ಕೆಡುತ್ತದೆ" ಅನ್ನುವ ಎಚ್ಚರಿಕೆ ಅಡಗಿದೆ. ಮಕ್ಕಳಿಗೆ, ತಮ್ಮಂದಿರಿಗೆ ಹೇಳಿ. ಸಾಹೇಬರಿಗೆ ಬೇಡ.

"ಇರಬೇಕು, ಇರಬಹುದು, ಇರಲಿಕ್ಕಿಲ್ಲ" ಇವನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು?

ನನಗೆ ಪಾಠ ಮಾಡಲು ಜಾಸ್ತಿ ಇಷ್ಟವಾದ ಭಾಗ ಇದು. ಮೂಡಿಗೆರೆ ಕಡೆಯಿಂದ ಬರುವವರಿಗೆ ವಿವರಿಸುವ ಅಗತ್ಯವೇ ಇರುವುದಿಲ್ಲ, ಅವರು ದಿನಾ ಮಾಡುವ ಕೆಲಸ.

ಬೆಳಿಗ್ಗೆ ತೋಟಕ್ಕೆ ಹೋದಿರಿ. ಬೇಲಿ ಮುರಿದಿದೆ. ನಾಲ್ಕು ಬಾಳೆ ಗಿಡ ನೆಲಕ್ಕೆ ಒರಗಿವೆ. ಒದ್ದೆ ಮಣ್ಣಿನಲ್ಲಿ ಮೊರದಗಲದ ಹೆಜ್ಜೆ. ಆನೆಯನ್ನು ನೀವು ಕಣ್ಣಿಂದ ಕಂಡಿಲ್ಲ, ಆದರೂ "ರಾತ್ರಿ ಆನೆ ಬಂದಿರಬೇಕು" ಅನ್ನುತ್ತೀರಿ. "ಆ್ಯನ್ ಎಲಿಫೆಂಟ್ ಮಸ್ಟ್ ಹ್ಯಾವ್ ಕಮ್ ಲಾಸ್ಟ್ ನೈಟ್." ಮುಂದೆ ನಾಲ್ಕು ಹೆಜ್ಜೆ ಇಟ್ಟರೆ ಲದ್ದಿ, ಇನ್ನೂ ಬಿಸಿ ಆರಿಲ್ಲ. ಎದೆ ಧಸಕ್ ಅಂತು. "ಇಲ್ಲೇ ಎಲ್ಲೋ ಇರಬೇಕು": "ಇಟ್ ಮಸ್ಟ್ ಬಿ ನಿಯರ್‌ಬೈ". ಜೊತೆಗೆ ಮರಿಯೂ ಇದ್ದೀತು, ಗೊತ್ತಿಲ್ಲ: "ದೇರ್ ಮೈಟ್ ಬಿ ಅ ಕಾಫ್ ವಿತ್ ಇಟ್". ಅಷ್ಟರಲ್ಲಿ ಪಕ್ಕದ ತೋಟದವರು ಬಂದು "ದನ ನುಗ್ಗಿರಬೇಕು ಕಣ್ರೀ" ಅಂದರು. ದನದ ಹೆಜ್ಜೆ ಮೊರದಗಲ ಇರುತ್ತಾ? ದನ ಆಗಿರಲು ಸಾಧ್ಯವೇ ಇಲ್ಲ: "ಇಟ್ ಕಾಂಟ್ ಹ್ಯಾವ್ ಬೀನ್ ಅ ಕೌ".

ಗಮನಿಸಿ, ಕಡೆಯದರಲ್ಲಿ ಮಸ್ಟ್ ನಾಟ್ ಬರಲಿಲ್ಲ, ಕಾಂಟ್ ಬಂತು. ಊಹೆಯ ಮಸ್ಟ್‌ಗೆ ಎದುರು ನಿಲ್ಲುವುದು ಕಾಂಟ್. ಅಮೆರಿಕದವರು "ಹಿ ಮಸ್ಟ್ ನಾಟ್ ಬಿ ಹೋಮ್" ಅನ್ನುವುದುಂಟು. ಸಿನಿಮಾದಲ್ಲಿ ಕೇಳಿದರೆ ಗಾಬರಿ ಬೇಡ.

ಇರಲಿಕ್ಕಿಲ್ಲ ಅನ್ನುವುದು ಕಾಂಟ್‌ನಷ್ಟು ಗಟ್ಟಿ ಅಲ್ಲ. "ಅವರು ಮನೆಯಲ್ಲಿ ಇರಲಿಕ್ಕಿಲ್ಲ" ಅಂದರೆ ಸ್ವಲ್ಪ ಅನುಮಾನ ಉಳಿದಿದೆ: "ದೇ ಮೈಟ್ ನಾಟ್ ಬಿ ಅಟ್ ಹೋಮ್". ಈಗಷ್ಟೇ ಅವರನ್ನು ಐ.ಜಿ. ರಸ್ತೆಯಲ್ಲಿ ನೋಡಿ ಬಂದಿದ್ದರೆ "ದೇ ಕಾಂಟ್ ಬಿ ಅಟ್ ಹೋಮ್".

ಇನ್ನೊಂದು ಮಾತು. ಮಸ್ಟ್ ಅಂದರೆ ನೂರಕ್ಕೆ ನೂರು ಗ್ಯಾರಂಟಿ ಅಂತ ಕೆಲವು ಗೈಡ್‌ಗಳಲ್ಲಿ ಬರೆದಿರುತ್ತಾರೆ. ನಾನು ಒಪ್ಪುವುದಿಲ್ಲ. ಆನೆ ಕಣ್ಣೆದುರೇ ನಿಂತಿದ್ದರೆ ಯಾರೂ "ಇದು ಆನೆ ಇರಬೇಕು" ಅನ್ನುವುದಿಲ್ಲ. "ಆನೆ!" ಅಂತ ಕೂಗಿ ಓಡುತ್ತಾರೆ. ಕಂಡದ್ದಕ್ಕೆ ಇಸ್ ಸಾಕು. ಗುರುತು ಕಂಡು, ಆನೆಯನ್ನು ಮಾತ್ರ ಕಾಣದೆ ಇದ್ದಾಗ ಮಸ್ಟ್.

"ಬಂದಿದ್ದರಂತೆ" ಅನ್ನುವಲ್ಲಿ ಬರುವ "ಅಂತೆ" ಕೂಡ ಊಹೆ ತಾನೇ? ಅದಕ್ಕೂ ಮಸ್ಟ್ ಹ್ಯಾವ್ ಹಾಕಬಹುದಾ?

ಬೇಡ. ಅಂತೆ ಅಂದರೆ ಬೇರೆಯವರ ಬಾಯಿಂದ ಕೇಳಿದ್ದು, ನಮ್ಮ ತಲೆಯಿಂದ ಹೊಳೆದದ್ದಲ್ಲ. ಗೆಸ್ಟ್‌ಗಳಿಗೆ ಊರಿನ ಕಥೆ ಹೇಳುವಾಗ ಜೀಪ್ ಓಡಿಸುವವರು ಇಲ್ಲಿ ಎಡವುತ್ತಾರೆ. ಸೂಫಿ ಸಂತ ಬಾಬಾಬುಡನ್ 17ನೇ ಶತಮಾನದಲ್ಲಿ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಈ ಗಿರಿಯಲ್ಲಿ ನೆಟ್ಟರಂತೆ, ಅಲ್ವಾ? ಅದನ್ನು "ಹಿ ಮಸ್ಟ್ ಹ್ಯಾವ್ ಬ್ರಾಟ್ ಸೆವೆನ್ ಬೀನ್ಸ್" ಅಂದರೆ ನೀವೇ ಕೂತು ಲೆಕ್ಕ ಹಾಕಿ ಏಳು ಅಂತ ಕಂಡುಹಿಡಿದ ಹಾಗಾಯಿತು. "ಹಿ ಇಸ್ ಸೆಡ್ ಟು ಹ್ಯಾವ್ ಬ್ರಾಟ್ ಸೆವೆನ್ ಬೀನ್ಸ್" ಅಥವಾ "ಪೀಪಲ್ ಸೇ" ಅಂತ ಶುರುಮಾಡಿ. ಊರವರ ಸುದ್ದಿಗೆ "ಅಪೇರೆಂಟ್ಲಿ" ಒಳ್ಳೆಯ ಪದ. ನಮ್ಮ ಅಂತೆಯ ಹಾಗೆಯೇ, ತಪ್ಪಾದರೆ ಜವಾಬ್ದಾರಿ ನಮ್ಮದಲ್ಲ!

ಬಹುದು ಅಂದರೆ ಕ್ಯಾನ್ ಅಥವಾ ಮೈಟ್, ಯಾವುದನ್ನು ಯಾವಾಗ ಹಾಕುವುದು?

"ಇವತ್ತು ಮಳೆ ಬರಬಹುದು" ಅಂದಾಗ "ಇಟ್ ಮೈಟ್ ರೈನ್ ಟುಡೇ". "ಇಟ್ ಕ್ಯಾನ್ ರೈನ್ ಟುಡೇ" ತಪ್ಪು. ಒಂದು ನಿರ್ದಿಷ್ಟ ಸಲದ ಅನುಮಾನಕ್ಕೆ ಮೇ ಅಥವಾ ಮೈಟ್ ಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಬೆಳೆಗಾರರು ಗಿಡ ಹೂ ಬಿಡಲು ಬೇಕಾದ ಹೂ ಮಳೆಗೆ ಆಕಾಶ ನೋಡುತ್ತಾ ಕೂರುತ್ತಾರಲ್ಲ, ಅವರ ಮಾತೆಲ್ಲ ಮೈಟ್. ಯಾವಾಗ ಬೇಕಾದರೂ ಹಾಗೆ ಆಗುವುದುಂಟು ಅನ್ನುವ ಸಾಮಾನ್ಯ ಮಾತಿಗೆ ಕ್ಯಾನ್: "ಚಾರ್ಮಾಡಿ ಘಾಟಿಯಲ್ಲಿ ಮಂಜು ದಟ್ಟವಾಗಿರುತ್ತೆ, ಇಟ್ ಕ್ಯಾನ್ ಬಿ ಡೇಂಜರಸ್". ಪರ್ಮಿಶನ್ನಿಗೆ ಕ್ಯಾನ್, ಮೇ ಎರಡೂ ಆಗುತ್ತವೆ. ಮೇ ಸ್ವಲ್ಪ ಗೌರವದ್ದು.

ಮಾತಾಡುವಾಗ ಕ್ಯಾನ್ ಮತ್ತು ಕಾಂಟ್ ಒಂದೇ ಥರ ಕೇಳುತ್ತವೆ. ಏನು ಮಾಡುವುದು?

ಕೊನೆಯ ಟ್ ಹುಡುಕಬೇಡಿ, ಎಷ್ಟೋ ಸಲ ಅದು ಕೇಳಿಸುವುದೇ ಇಲ್ಲ. ಒತ್ತು ಎಲ್ಲಿ ಬಿತ್ತು ನೋಡಿ. "ಐ ಕ್ಯಾನ್ ಕಮ್" ಅನ್ನುವಾಗ ಕ್ಯಾನ್ ಅನ್ನು ನುಂಗಿ "ಐ ಕನ್ ಕಮ್" ಅನ್ನುತ್ತಾರೆ, ಒತ್ತು ಕಮ್ ಮೇಲೆ. ಕಾಂಟ್ ಆದರೆ ಅದನ್ನೇ ಎಳೆದು ಒತ್ತುತ್ತಾರೆ. ಹಾಗೆಯೇ "ಶುಡ್ ಹ್ಯಾವ್" ಬಾಯಲ್ಲಿ "ಶುಡವ್" ಆಗುತ್ತದೆ. ಅದನ್ನು ಕೇಳಿ "ಶುಡ್ ಆಫ್" ಅಂತ ಬರೆಯಬೇಡಿ. ಇಂಗ್ಲಿಷಿನವರೇ ಹಾಗೆ ಬರೆದು ಬೈಸಿಕೊಳ್ಳುತ್ತಾರೆ.

ನಮ್ಮ ಕಡೆಯಿಂದ ಒಂದು ತಿದ್ದುಪಡಿ: "ಮಸ್ಟು, ಶುಡ್ಡು, ಕ್ಯಾನು" ಅಂತ ಕೊನೆಗೆ ಉಕಾರ ಅಂಟಿಸುವುದನ್ನು ಬಿಡಿ.

ಮನೆಯಲ್ಲೇ ಪ್ರಾಕ್ಟೀಸ್ ಮಾಡುವುದು ಹೇಗೆ?

ಖಾಲಿ ಜಾಗ ತುಂಬುವ ಪುಸ್ತಕದಿಂದ ಅರ್ಧ ಉಪಯೋಗ ಮಾತ್ರ. ಅಲ್ಲಿ ವಾಕ್ಯ ಬೇರೆಯವರದ್ದು. ನಾನು ಕ್ಲಾಸಿನಲ್ಲಿ ಮಾಡಿಸುವುದು ಬೇರೆ. ಬಸ್ ಸ್ಟ್ಯಾಂಡಿನಲ್ಲಿ ಕೂತು ಒಬ್ಬರನ್ನು ನೋಡಿ, ಮನಸ್ಸಿನಲ್ಲೇ ಮೂರು ಊಹೆ ಮಾಡಿ. ಕೈಯಲ್ಲಿ ಹೊಸ ಕೊಡೆ, ಕಾಲಲ್ಲಿ ಕೆಸರು, ಪಕ್ಕದಲ್ಲಿ ಹಣ್ಣಿನ ಚೀಲ. ಅವರು ಎಲ್ಲಿಂದ ಬಂದಿರಬೇಕು, ಎಲ್ಲಿಗೆ ಹೊರಟಿರಬಹುದು, ಏನು ಆಗಿರಲು ಸಾಧ್ಯವಿಲ್ಲ? ರಾತ್ರಿ ಮಲಗುವ ಮುಂಚೆ ಅವತ್ತಿನ ದಿನದಿಂದ ಒಂದು "ಮಾಡಬೇಕಾಯಿತು", ಒಂದು "ಮಾಡಬೇಕಿತ್ತು" ಆರಿಸಿ ಇಂಗ್ಲಿಷಿನಲ್ಲಿ ಬರೆಯಿರಿ. ಮಾಡಬೇಕಿತ್ತು ಯಾರಿಗೂ ಕಮ್ಮಿ ಬೀಳುವುದಿಲ್ಲ.

ಕೆಲವು ವಾಕ್ಯ ಕೊಡ್ತೀರಾ? ಉತ್ತರ ಸಮೇತ?

ಮೊದಲು ಉತ್ತರ ಮುಚ್ಚಿಕೊಂಡು ಪ್ರಯತ್ನಿಸಿ.

1. ನಾಳೆ ಬ್ಯಾಂಕಿಗೆ ಹೋಗಬೇಕಾಗಿದೆ.
2. ದುಡ್ಡು ಈಗಲೇ ಕೊಡಬೇಕಾಗಿಲ್ಲ.
3. ಕರೆಂಟ್ ಹೋಯಿತು, ಕ್ಯಾಂಡಲ್ ಹಚ್ಚಬೇಕಾಯಿತು.
4. ನೀನು ಒಂದು ಫೋನ್ ಮಾಡಬೇಕಿತ್ತು.
5. ಜೀಪ್ ಇಷ್ಟು ಹೊತ್ತಿಗೆ ಕೊಟ್ಟಿಗೆಹಾರ ದಾಟಿರಬೇಕು.
6. ಅಜ್ಜಿ ಈಗಲೂ ಸೂಜಿಗೆ ದಾರ ಪೋಣಿಸಬಲ್ಲರು.
7. ನಾಳೆ ಎಂಟು ಗಂಟೆಗೆ ರೂಮ್ ಖಾಲಿ ಆಗಿರಬೇಕು.

ಮೊದಲನೆಯದು "ಐ ಹ್ಯಾವ್ ಟು ಗೋ ಟು ದ ಬ್ಯಾಂಕ್ ಟುಮಾರೋ". ಎರಡು, "ಯೂ ಡೋಂಟ್ ಹ್ಯಾವ್ ಟು ಪೇ ನೌ". ಮೂರು, "ವಿ ಹ್ಯಾಡ್ ಟು ಲೈಟ್ ಅ ಕ್ಯಾಂಡಲ್". ನಾಲ್ಕು, "ಯೂ ಶುಡ್ ಹ್ಯಾವ್ ಕಾಲ್ಡ್". ಐದು, "ದ ಜೀಪ್ ಮಸ್ಟ್ ಹ್ಯಾವ್ ಕ್ರಾಸ್ಡ್ ಕೊಟ್ಟಿಗೆಹಾರ ಬೈ ನೌ". ಆರು, "ಗ್ರ್ಯಾಂಡ್‌ಮದರ್ ಕ್ಯಾನ್ ಸ್ಟಿಲ್ ಥ್ರೆಡ್ ಅ ನೀಡಲ್".

ಏಳನೆಯದರಲ್ಲಿ ಅರ್ಧ ಕ್ಲಾಸು ಮಸ್ಟ್ ಹ್ಯಾವ್ ಬರೆಯುತ್ತದೆ, "ಆಗಿರಬೇಕು" ಕಂಡ ಕೂಡಲೇ ಊಹೆ ಅಂದುಕೊಂಡು. ನಾಳೆಯ ರೂಮಿನ ಬಗ್ಗೆ ಇವತ್ತು ಊಹೆ ಏನು ಬಂತು? ಅದು ಮಾಲೀಕರ ಆರ್ಡರು: "ದ ರೂಮ್ ಹ್ಯಾಸ್ ಟು ಬಿ ವೆಕೇಟೆಡ್ ಬೈ ಏಯ್ಟ್ ಟುಮಾರೋ". ಅದೇ ಮಾತನ್ನು ಬೆಳಿಗ್ಗೆ ಒಂಬತ್ತಕ್ಕೆ, ರೂಮಿನ ಕಡೆ ನೋಡದೆ, ಕಣದಲ್ಲಿ ಕಾಫಿ ಹರಡುತ್ತಾ "ಖಾಲಿ ಆಗಿರಬೇಕು ಬಿಡಿ" ಅಂದರೆ ಮಾತ್ರ ಮಸ್ಟ್ ಹ್ಯಾವ್.